ನೂರು ಕಲಾವಿದರು, ಹತ್ತು ಆಯ್ಕೆಗಾರರು: ‘ಕ್ರೀಮ್’ ಮಾಲೆಯ ಪ್ರಕರಣ ಅಧ್ಯಯನ

ಸಮಕಾಲೀನ ಕಲೆಯ ಸಮೀಕ್ಷಾ ಗ್ರಂಥವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ವಿರಳ. ಜನ ಅದನ್ನು ತಿರುವಿ ಹಾಕುತ್ತಾರೆ, ಯಾವುದೋ ಒಂದು ಚಿತ್ರದ ಮುಂದೆ ನಿಲ್ಲುತ್ತಾರೆ, ಹೆಸರೊಂದನ್ನು ಬರೆದುಕೊಳ್ಳುತ್ತಾರೆ, ಮುಚ್ಚಿಡುತ್ತಾರೆ. ಮತ್ತೆ ತಿಂಗಳು ಕಳೆದ ಮೇಲೆ ಬೇರೆ ಪುಟದಲ್ಲಿ ತೆರೆಯುತ್ತಾರೆ. ಹೀಗೆ ಓದಿಸಿಕೊಳ್ಳುವುದಕ್ಕೆಂದೇ ಈ ಪುಸ್ತಕಗಳನ್ನು ಕಟ್ಟಲಾಗಿರುತ್ತದೆ. ಅವುಗಳ ಆಕರ್ಷಣೆ ಎಲ್ಲಿದೆ, ವಿನ್ಯಾಸ ಅಲ್ಲಿ ಏನು ಕೆಲಸ ಮಾಡುತ್ತದೆ ಎಂದು ತಿಳಿಯಲು ನಾನು ಒಂದೇ ಪ್ರಕರಣವನ್ನು ಆರಿಸಿಕೊಂಡಿದ್ದೇನೆ: ಲಂಡನ್ನಿನ ಫೈಡನ್ ಪ್ರಕಾಶನ 1998ರಲ್ಲಿ ಆರಂಭಿಸಿ 2010ರಲ್ಲಿ ನಿಲ್ಲಿಸಿದ ‘ಕ್ರೀಮ್’ ಮಾಲೆ.

ಮಾಲೆಯಲ್ಲಿ ಐದು ಪುಸ್ತಕಗಳಿವೆ. 1998ರಲ್ಲಿ ‘ಕ್ರೀಮ್’, 2000ದಲ್ಲಿ ‘ಫ್ರೆಶ್ ಕ್ರೀಮ್’, 2003ರಲ್ಲಿ ‘ಕ್ರೀಮ್ 3’, 2007ರಲ್ಲಿ ‘ಐಸ್ ಕ್ರೀಮ್’, 2010ರಲ್ಲಿ ‘ಕ್ರೀಮಿಯರ್’. ಸೂತ್ರ ಬಹಳ ಸರಳವಾಗಿತ್ತು. ಜಗತ್ತಿನ ಬೇರೆ ಬೇರೆ ಮೂಲೆಗಳ 10 ಕ್ಯುರೇಟರ್‌ಗಳು (ಕಲಾಕೃತಿಗಳನ್ನು ಆರಿಸಿ ಪ್ರದರ್ಶನ ಕಟ್ಟುವವರು) ತಲಾ 10 ಕಲಾವಿದರನ್ನು ಆರಿಸುತ್ತಾರೆ. ಒಟ್ಟು 100 ಕಲಾವಿದರು ಹೆಚ್ಚುಕಡಿಮೆ ಸಮನಾದ ಜಾಗದಲ್ಲಿ, ಅಕಾರಾದಿಯಾಗಿ ಬರುತ್ತಾರೆ. ಆರಿಸಿದವರೇ ಆ ಕಲಾವಿದರ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಬರೆದು ಹೆಸರು ಹಾಕುತ್ತಾರೆ. ಮೊದಲ ಎರಡು ಸಂಪುಟಗಳಲ್ಲಿ ಇದರ ಜೊತೆಗೆ, ಆ ಕಾಲದ ಸಂಸ್ಕೃತಿಯನ್ನು ಅರಿಯಲು ನೆರವಾಗುವ 10 ಲೇಖಕರ ಬರಹಗಳಿದ್ದವು. ‘ಕ್ರೀಮ್ 3’ರಿಂದ ಆ ಜಾಗಕ್ಕೆ, ಹೊಸಬರ ಮೇಲೆ ಪ್ರಭಾವ ಬೀರಿದ 10 ಹಿರಿಯ ಕಲಾವಿದರು ಬಂದರು. ಪ್ರಕಾಶಕರು ಇದನ್ನು ಪುಸ್ತಕದೊಳಗಿನ ಪ್ರದರ್ಶನ ಎಂದೇ ಕರೆದರು.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮಾಲೆಯ ನಿಜವಾದ ಸಾಧನೆ ಅದರ ಕಣ್ಣು ಸೆಳೆಯುವ ಹೊದಿಕೆಗಳಲ್ಲಿ ಇರಲಿಲ್ಲ. ಪ್ರತಿ ಆಯ್ಕೆಯ ಕೆಳಗೆ ಆರಿಸಿದವರ ಹೆಸರನ್ನು ಹಾಕಿದ ಆ ಒಂದು ನಿರ್ಧಾರದಲ್ಲಿ ಅದು ಇತ್ತು.

ಒಬ್ಬರೇ ಕತೆ ಹೇಳಲಾಗದ ಕಾಲ

ಫೈಡನ್ ಹಳೆಯ ಸಂಸ್ಥೆ. 1923ರಲ್ಲಿ ವಿಯೆನ್ನಾದಲ್ಲಿ ಬೇಲಾ ಹೊರೊವಿಟ್ಸ್ ಮತ್ತು ಲುಡ್ವಿಗ್ ಗೋಲ್ಡ್‌ಶೈಡರ್ ಇದನ್ನು ಆರಂಭಿಸಿದರು. ನಾಜಿಗಳು ಆಸ್ಟ್ರಿಯಾವನ್ನು ನುಂಗಿದ 1938ರಲ್ಲಿ ಸಂಸ್ಥೆ ಬ್ರಿಟನ್ನಿಗೆ ಬಂತು. ದೊಡ್ಡ ಅಳತೆಯ ಚಿತ್ರಗಳಿರುವ ಕಲಾಗ್ರಂಥವನ್ನು ಮಧ್ಯಮ ವರ್ಗದ ಓದುಗನ ಕೈಗೆಟುಕುವ ಬೆಲೆಗೆ ಕೊಡುವುದು ಅವರ ಮೊದಲಿನಿಂದಲೂ ಬಂದ ಹಟ. 1950ರಲ್ಲಿ ಅದೇ ಸಂಸ್ಥೆ ಅರ್ನ್ಸ್ಟ್ ಗೊಂಬ್ರಿಚ್ ಅವರ ‘ದಿ ಸ್ಟೋರಿ ಆಫ್ ಆರ್ಟ್’ ಅನ್ನು ಪ್ರಕಟಿಸಿತು. ಗುಹೆಗಳ ಗೋಡೆಯಿಂದ ಇಪ್ಪತ್ತನೆಯ ಶತಮಾನದವರೆಗಿನ ದಾರಿಯನ್ನು ಒಬ್ಬ ವಿದ್ವಾಂಸ, ಒಂದೇ ಧಾಟಿಯಲ್ಲಿ, ಕತೆಯಂತೆ ಹೇಳಿದ ಪುಸ್ತಕವದು.

ಅದೇ ಸಂಸ್ಥೆ 48 ವರ್ಷಗಳ ನಂತರ ಹೊಸ ಕಲೆಯ ಬಗ್ಗೆ ಪುಸ್ತಕ ಮಾಡಲು ಕುಳಿತಾಗ ಅಂಥ ಒಬ್ಬ ಕತೆಗಾರ ಸಿಗುವ ಸಾಧ್ಯತೆಯೇ ಇರಲಿಲ್ಲ. ಪಾಂಡಿತ್ಯದ ಕೊರತೆ ಇದಕ್ಕೆ ಕಾರಣವಾಗಿರಲಿಲ್ಲ. ಕಲೆಯ ಭೂಪಟವೇ ಬದಲಾಗಿತ್ತು. 1984ರಲ್ಲಿ ಕ್ಯೂಬಾದ ಹವಾನಾ ಬಿನಾಲೆ (ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾಪ್ರದರ್ಶನ), 1987ರಲ್ಲಿ ಇಸ್ತಾಂಬುಲ್, 1995ರಲ್ಲಿ ದಕ್ಷಿಣ ಕೊರಿಯಾದ ಗ್ವಾಂಗ್ಜು ಮತ್ತು ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಹೀಗೆ ಒಂದರ ಹಿಂದೊಂದು ಬಿನಾಲೆಗಳು ಹುಟ್ಟಿಕೊಂಡವು. 1989ರಲ್ಲಿ ಪ್ಯಾರಿಸ್ಸಿನ ‘ಮಜೀಸಿಯೆನ್ಸ್ ದ ಲಾ ತೆರ್’ ಪ್ರದರ್ಶನ ಯುರೋಪು–ಅಮೆರಿಕದ ಕಲಾವಿದರನ್ನೂ ಉಳಿದ ಜಗತ್ತಿನವರನ್ನೂ ಒಂದೇ ಸೂರಿನಡಿ ತಂದು, ದೊಡ್ಡ ವಾಗ್ವಾದ ಎಬ್ಬಿಸಿತ್ತು. ನ್ಯೂಯಾರ್ಕಿನಲ್ಲಿ ಕುಳಿತು ‘ಈ ಹತ್ತು ವರ್ಷದ ಕಲೆ ಇದು’ ಎಂದು ಹೇಳುವ ಅಧಿಕಾರ ಯಾರಿಗೂ ಉಳಿದಿರಲಿಲ್ಲ. ಆದರೆ ಓದುಗನಿಗೆ ಬೇಕಿದ್ದದ್ದು ಅದೇ: ಈಗ ಏನಾಗುತ್ತಿದೆ, ಒಂದೇ ಕಡೆ ತೋರಿಸಿ.

ಹೇಳುವ ಅಧಿಕಾರ ಯಾರಿಗೂ ಇಲ್ಲದಿದ್ದಾಗ ಸಮೀಕ್ಷೆಯನ್ನು ಹೇಗೆ ಮಾಡುವುದು? ‘ಕ್ರೀಮ್’ ಹುಟ್ಟಿದ್ದು ಈ ಪ್ರಶ್ನೆಯಿಂದ. ಆಗ ಫೈಡನ್ನಿನಲ್ಲಿ ಸಮಕಾಲೀನ ಕಲಾ ಪುಸ್ತಕಗಳ ಹೊಣೆ ಗಿಲ್ಡಾ ವಿಲಿಯಮ್ಸ್ ಅವರದಾಗಿತ್ತು. ಆರಿಸಿಕೊಂಡ ದಾರಿ ಅಧಿಕಾರವನ್ನು ಹತ್ತು ಪಾಲು ಮಾಡುವುದು.

ಆ ಹತ್ತು ಹೆಸರುಗಳು

1998ರ ಸಂಪುಟದ ಆಯ್ಕೆಗಾರರ ಪಟ್ಟಿಯನ್ನು ಇಂದು ಓದಿದರೆ ನಿಜಕ್ಕೂ ಬೆರಗಾಗುತ್ತದೆ. ಕಾರ್ಲೋಸ್ ಬಾಸುವಾಲ್ಡೊ, ಫ್ರಾನ್ಸೆಸ್ಕೊ ಬೊನಾಮಿ, ಡ್ಯಾನ್ ಕ್ಯಾಮರಾನ್, ಓಕ್ವಿ ಎನ್ವೇಜರ್, ಮ್ಯಾಥ್ಯೂ ಹಿಗ್ಸ್, ಹೌ ಹನ್ರು, ಸೂಸನ್ ಕ್ಯಾಂಡೆಲ್, ರೋಸಾ ಮಾರ್ಟಿನೆಜ್, ಓಸಾ ನಾಕಿಂಗ್, ಹಾನ್ಸ್ ಉಲ್ರಿಚ್ ಓಬ್ರಿಸ್ಟ್. ಎನ್ವೇಜರ್ ಹಿಂದಿನ ವರ್ಷವಷ್ಟೇ ಜೊಹಾನ್ಸ್‌ಬರ್ಗ್ ಬಿನಾಲೆ ನಡೆಸಿದ್ದರು. ಮಾರ್ಟಿನೆಜ್ ಅದೇ 1997ರಲ್ಲಿ ಇಸ್ತಾಂಬುಲ್ ಬಿನಾಲೆಯ ಹೊಣೆ ಹೊತ್ತಿದ್ದರು. ಹೌ ಹನ್ರು ಮತ್ತು ಓಬ್ರಿಸ್ಟ್ ಏಷ್ಯಾದ ನಗರಗಳ ಬಗ್ಗೆ ‘ಸಿಟೀಸ್ ಆನ್ ದ ಮೂವ್’ ಎಂಬ ಊರೂರು ಸುತ್ತುವ ಪ್ರದರ್ಶನವನ್ನು ಆರಂಭಿಸಿದ್ದರು.

ಮುಂದಿನ ಕತೆ ಇನ್ನೂ ದೊಡ್ಡದು. 2002ರಲ್ಲಿ ಜರ್ಮನಿಯ ಕಾಸೆಲ್ ನಗರದ ದೊಡ್ಡ ಕಲಾಪ್ರದರ್ಶನವಾದ ಡಾಕ್ಯುಮೆಂಟಾ 11ಕ್ಕೆ ಎನ್ವೇಜರ್ ನಿರ್ದೇಶಕರಾದರು. ಅವರ ತಂಡದಲ್ಲಿ ಬಾಸುವಾಲ್ಡೊ ಇದ್ದರು. 2003ರ ವೆನಿಸ್ ಬಿನಾಲೆ ಬೊನಾಮಿಯವರದು, ಅದೇ ವರ್ಷದ ಇಸ್ತಾಂಬುಲ್ ಕ್ಯಾಮರಾನ್ ಅವರದು. 2005ರ ವೆನಿಸ್‌ಗೆ ಮರಿಯಾ ದೆ ಕೊರಾಲ್ ಜೊತೆ ಮಾರ್ಟಿನೆಜ್. 2006ರಲ್ಲಿ ಓಬ್ರಿಸ್ಟ್ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿ ಸೇರಿದರು. 2007ರ ಇಸ್ತಾಂಬುಲ್ ಹೌ ಹನ್ರು ಅವರದು.

ಅಂದರೆ ಈ ಪುಸ್ತಕ ನೂರು ಕಲಾವಿದರನ್ನು ತೋರಿಸುತ್ತ, ಮುಂದಿನ ಹತ್ತು ವರ್ಷ ಜಗತ್ತಿನ ದೊಡ್ಡ ಪ್ರದರ್ಶನಗಳನ್ನು ಯಾರು ಕಟ್ಟುತ್ತಾರೆ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ತೋರಿಸಿಬಿಟ್ಟಿತ್ತು. ಸಮೀಕ್ಷಾ ಗ್ರಂಥವನ್ನು ಓದುವವರು ಆರಿಸಲ್ಪಟ್ಟವರ ಕಡೆಗೆ ನೋಡುತ್ತಾರೆ. ಆರಿಸಿದವರ ಕಡೆಗೆ ನೋಡಬೇಕು ಎಂದು ನಾನು ಹೇಳುತ್ತೇನೆ. ‘ಕ್ರೀಮ್’ ಆ ಅವಕಾಶವನ್ನು ಓದುಗನಿಗೆ ಕೊಟ್ಟಿತು. ಒಬ್ಬ ಕ್ಯುರೇಟರ್ ಆರಿಸಿದ ಹತ್ತೂ ಜನರನ್ನು ಹುಡುಕಿ ಒಟ್ಟಿಗೆ ನೋಡಿದರೆ ಆ ಕ್ಯುರೇಟರನ ಮನಸ್ಸಿನಲ್ಲಿದ್ದ ಪ್ರದರ್ಶನವೇ ಕಾಣುತ್ತದೆ. ಹೀಗೆ ಅಡ್ಡಡ್ಡವಾಗಿ ಓದಿದಾಗ ಈ ಪುಸ್ತಕ ಇನ್ನೊಂದೇ ಪುಸ್ತಕವಾಗುತ್ತದೆ.

ಹೋಲಿಸಿ ನೋಡಲು ಇನ್ನೊಂದು ಪುಸ್ತಕವಿದೆ. ಜರ್ಮನಿಯ ಕೊಲೋನ್ ನಗರದ ತಾಶೆನ್ ಪ್ರಕಾಶನ 1999ರಲ್ಲಿ ‘ಆರ್ಟ್ ಅಟ್ ದ ಟರ್ನ್ ಆಫ್ ದ ಮಿಲೇನಿಯಂ’ ಎಂಬ ಸಮೀಕ್ಷೆ ತಂದಿತು. ಕಾಮಿಕ್ಸ್ ಅಂಗಡಿಯಾಗಿ 1980ರಲ್ಲಿ ಹುಟ್ಟಿದ ತಾಶೆನ್‌ಗೆ ಅಗ್ಗವಾಗಿ, ಹಲವು ಭಾಷೆಗಳಲ್ಲಿ, ರಾಶಿ ರಾಶಿ ಪ್ರತಿಗಳನ್ನು ಮಾರುವುದು ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಇಬ್ಬರು ಸಂಪಾದಕರು. ಅವರಲ್ಲಿ ಒಬ್ಬರು ಬರ್ಲಿನ್ನಿನ ಗ್ಯಾಲರಿಯೊಂದರ ಪಾಲುದಾರರೂ ಆಗಿದ್ದರು. ಅದೇನು ಗುಟ್ಟಲ್ಲ, ತಪ್ಪೂ ಅಲ್ಲ. ಆದರೆ ಇಬ್ಬರ ಪಟ್ಟಿಯನ್ನು ‘ಸಹಸ್ರಮಾನದ ತಿರುವಿನ ಕಲೆ’ ಎಂಬ ಹೆಸರಿನಲ್ಲಿ ನೂರಾರು ಪುಟಗಳುದ್ದಕ್ಕೂ ಹರಡಿದಾಗ ಅದು ಇಬ್ಬರ ಪಟ್ಟಿ ಎಂಬುದನ್ನು ಓದುಗ ಮೂರನೆಯ ಪುಟಕ್ಕೇ ಮರೆಯುತ್ತಾನೆ. ‘ಕ್ರೀಮ್’ನಲ್ಲಿ ಹಾಗೆ ಮರೆಯಲು ಆಗುವುದಿಲ್ಲ. ಪ್ರತಿ ಬಾರಿಯೂ ಟಿಪ್ಪಣಿಯ ಕೆಳಗೆ ಯಾರೋ ಒಬ್ಬರು ನಿಂತಿರುತ್ತಾರೆ.

ಸಮಪಾಲಿನ ಪುಟಗಳು, ಮತ್ತು ಅವುಗಳ ಪೂರ್ವಿಕರು

ಪುಸ್ತಕವೇ ಪ್ರದರ್ಶನ ಎಂಬ ವಿಚಾರ ಫೈಡನ್ನಿನ ಸ್ವಂತದ್ದಲ್ಲ. ಅದರ ಬೇರು 1968ರ ನ್ಯೂಯಾರ್ಕಿನಲ್ಲಿದೆ. ಆ ವರ್ಷದ ಡಿಸೆಂಬರಿನಲ್ಲಿ ಸೇತ್ ಸೀಗಲಾಬ್ ಮತ್ತು ಜಾನ್ ವೆಂಡ್ಲರ್ ಪ್ರಕಟಿಸಿದ, ‘ಝೆರಾಕ್ಸ್ ಬುಕ್’ ಎಂದೇ ಹೆಸರಾದ ಪುಸ್ತಕದಲ್ಲಿ ಏಳು ಕಲಾವಿದರಿದ್ದರು: ಕಾರ್ಲ್ ಆಂದ್ರೆ, ರಾಬರ್ಟ್ ಬ್ಯಾರಿ, ಡಗ್ಲಸ್ ಹ್ಯೂಬ್ಲರ್, ಜೋಸೆಫ್ ಕೊಸುತ್, ಸಾಲ್ ಲೆವಿಟ್, ರಾಬರ್ಟ್ ಮಾರಿಸ್, ಲಾರೆನ್ಸ್ ವೀನರ್. ಪ್ರತಿಯೊಬ್ಬರಿಗೂ 25 ಪುಟ, ಒಂದೇ ಅಳತೆಯ ಕಾಗದ, ಕಪ್ಪು ಬಿಳುಪು. ಝೆರಾಕ್ಸ್ ಯಂತ್ರದಲ್ಲೇ ತೆಗೆಯಬೇಕೆಂದಿದ್ದ ಪ್ರತಿಗಳನ್ನು ಖರ್ಚು ಹೆಚ್ಚಾಗುತ್ತದೆಂದು ಆಫ್‌ಸೆಟ್‌ನಲ್ಲಿ ಅಚ್ಚು ಹಾಕಿಸಿದರು, ಸಾವಿರ ಪ್ರತಿ. ಅಲ್ಲಿನ ಕಲೆ ಪುಟಕ್ಕಾಗಿಯೇ ಹುಟ್ಟಿದ್ದು. ಮೂಲಕೃತಿ ಬೇರೆ ಕಡೆ ಇರಲಿಲ್ಲ. ನಿಮ್ಮ ಕೈಯಲ್ಲಿರುವುದೇ ಮೂಲ.

ಮರುವರ್ಷ, 1969ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಕಲಾಭವನವಾದ ಕುನ್‌ಸ್ಟ್‌ಹಾಲೆಯಲ್ಲಿ ಹೆರಾಲ್ಡ್ ಝೀಮಾನ್ ನಡೆಸಿದ ‘ವೆನ್ ಆಟಿಟ್ಯೂಡ್ಸ್ ಬಿಕಮ್ ಫಾರ್ಮ್’ ಪ್ರದರ್ಶನದ ಕ್ಯಾಟಲಾಗು ವಿಳಾಸ ಪುಸ್ತಕದಂತೆ ಅಂಚಿನಲ್ಲಿ ಅಕ್ಷರಗಳ ಮೆಟ್ಟಿಲು ಕತ್ತರಿಸಿಕೊಂಡು ಬಂತು. ಅದೇ ವರ್ಷ ಅಮೆರಿಕದ ಲೂಸಿ ಲಿಪ್ಪಾರ್ಡ್ ಸಿಯಾಟಲ್‌ನಲ್ಲಿ ಆ ಊರಿನ ಜನಸಂಖ್ಯೆಯನ್ನೇ ಹೆಸರಾಗಿಟ್ಟು ‘557,087’ ಎಂಬ ಪ್ರದರ್ಶನ ಮಾಡಿದರು. ಅದರ ಕ್ಯಾಟಲಾಗು ಬಿಡಿ ಕಾರ್ಡುಗಳ ಕಟ್ಟು. ಯಾವ ಕ್ರಮದಲ್ಲಿ ಬೇಕಾದರೂ ಜೋಡಿಸಿಕೊಳ್ಳಬಹುದಿತ್ತು. 1972ರ ಡಾಕ್ಯುಮೆಂಟಾ 5ರ ಕ್ಯಾಟಲಾಗು ಕಚೇರಿಯ ಫೈಲಿನಂಥ ರಿಂಗ್ ಬೈಂಡರ್ ಆಗಿತ್ತು. ಮುಖಪುಟದಲ್ಲಿ ಇರುವೆಗಳ ಸಾಲು 5ರ ಅಂಕಿಯಾಗಿ ನಿಂತಿದೆ. ಅದನ್ನು ಮಾಡಿದವರು ಎಡ್ ರೂಷಾ.

ಈ ಪೂರ್ವಿಕರನ್ನು ಇಷ್ಟು ವಿವರವಾಗಿ ನೆನೆಯಲು ಕಾರಣವಿದೆ. ಅಕಾರಾದಿ, ಸಮಪಾಲು, ಹೇಗೆ ಬೇಕಾದರೂ ಓದುವ ಸ್ವಾತಂತ್ರ್ಯ, ಇವೆಲ್ಲ ಆಗ ಮ್ಯೂಸಿಯಂಗಳ ಮೇಲುಕೀಳುಗಳನ್ನು ಒಡೆಯುವ ಹತಾರಗಳಾಗಿದ್ದವು. ಮೂವತ್ತು ವರ್ಷಗಳ ನಂತರ ‘ಕ್ರೀಮ್’ ಅವನ್ನೇ ಬಣ್ಣದ ಮುದ್ರಣಕ್ಕೆ, ಮ್ಯೂಸಿಯಂ ಅಂಗಡಿಯ ಕಪಾಟಿಗೆ ತಂದಿತು. ಬಂದ ಮೇಲೆ ಅವುಗಳ ಅರ್ಥ ಬದಲಾಯಿತು. ‘ಝೆರಾಕ್ಸ್ ಬುಕ್’ನಲ್ಲಿ ಪುಟವೇ ಕೃತಿ. ‘ಕ್ರೀಮ್’ನಲ್ಲಿ ಪುಟವು ಬೇರೆಲ್ಲೋ ಇರುವ ಕೃತಿಯ ಛಾಯಾಚಿತ್ರ. ಎರಡನ್ನೂ ‘ಪುಸ್ತಕದೊಳಗಿನ ಪ್ರದರ್ಶನ’ ಎಂದು ಕರೆಯಬಹುದಾದರೂ ಎರಡನೆಯದರಲ್ಲಿ ಆ ಮಾತು ಅರ್ಧ ಮಾತ್ರ ನಿಜ.

ಸಮಪಾಲು ಓದುಗನ ಮೇಲೆ ಮಾಡುವ ಪರಿಣಾಮವೂ ಸೂಕ್ಷ್ಮವಾದದ್ದು. ಎಲ್ಲರಿಗೂ ಒಂದೇ ಅಳತೆಯ ಜಾಗ ಕೊಟ್ಟಾಗ ಎಲ್ಲರೂ ಒಂದೇ ಎತ್ತರದಲ್ಲಿದ್ದಾರೆ ಎಂಬ ಭಾವನೆ ಹುಟ್ಟುತ್ತದೆ. ಇಪ್ಪತ್ತೈದರ ಹೊಸಬನೂ, ಆಗಲೇ ನಾಲ್ಕಾರು ಬಿನಾಲೆಗಳನ್ನು ಕಂಡವನೂ ಪಕ್ಕಪಕ್ಕದಲ್ಲಿ. ಹೊಸಬನಿಗೆ ಇದು ದೊಡ್ಡ ಉಪಕಾರ. ಅಕಾರಾದಿಯ ಕಾರಣದಿಂದ ಯಾರೂ ಯೋಜಿಸದ ನೆರೆಹೊರೆ ಏರ್ಪಡುತ್ತದೆ. ಒಬ್ಬರ ಕೊನೆಯ ಪುಟದ ಬಣ್ಣವನ್ನು ಇನ್ನೊಬ್ಬರ ಮೊದಲ ಪುಟದ ಬಣ್ಣ ಎದುರಿಸುತ್ತದೆ, ಯಾವ ಕ್ಯುರೇಟರನೂ ಒಂದೇ ಕೋಣೆಯಲ್ಲಿಡದ ಇಬ್ಬರು ಅಲ್ಲಿ ಮುಖಾಮುಖಿಯಾಗುತ್ತಾರೆ. ತಿರುವಿ ಹಾಕುವವರನ್ನು ಹಿಡಿದು ನಿಲ್ಲಿಸುವುದು ಇದೇ ಆಕಸ್ಮಿಕ. ಈ ಪುಸ್ತಕಗಳ ಆಕರ್ಷಣೆಯ ಅರ್ಧಕ್ಕಿಂತ ಹೆಚ್ಚು ಪಾಲು ಇಲ್ಲಿದೆ ಎಂದು ನನಗನ್ನಿಸುತ್ತದೆ. ಮುನ್ನುಡಿಗಳಲ್ಲಿ ಅದಿಲ್ಲ.

ಪುಟಕ್ಕೆ ಸಿಗದ ಕಲೆ

ಆದರೆ ಸಮಪಾಲಿಗೆ ಒಂದು ಬೆಲೆ ಇದೆ. ಮೂವತ್ತು ಸೆಂಟಿಮೀಟರಿನ ರೇಖಾಚಿತ್ರವೂ ಒಂದು ಹಜಾರವನ್ನೇ ತುಂಬುವ ಕೃತಿಯೂ ಅದೇ ಅಗಲದ ಚೌಕಟ್ಟಿನಲ್ಲಿ ಬರುತ್ತವೆ. ವ್ಯತ್ಯಾಸ ತಿಳಿಯಬೇಕಾದರೆ ಚಿತ್ರದ ಕೆಳಗಿನ ಸಣ್ಣಕ್ಷರದ ಸಾಲನ್ನು ಓದಬೇಕು: ಯಾವ ವಸ್ತು, ಎಷ್ಟು ಎತ್ತರ, ಎಷ್ಟು ಅಗಲ, ಎಲ್ಲಿ ಇಡಲಾಗಿತ್ತು. ವಿನ್ಯಾಸಕರು ಪುಟ ಸ್ವಚ್ಛವಾಗಿ ಕಾಣಲೆಂದು ಈ ಸಾಲನ್ನೇ ಅತಿ ಚಿಕ್ಕದಾಗಿ, ಹಲವು ಬಾರಿ ಬೂದು ಬಣ್ಣದಲ್ಲಿ, ಮೂಲೆಗೆ ತಳ್ಳುತ್ತಾರೆ. ಕಲಾವಿದ್ಯಾರ್ಥಿಗಳು ಅದನ್ನು ಓದದೆ ದಾಟುತ್ತಾರೆ. ಈ ಒಂದು ವಿಷಯದಲ್ಲಿ ನನಗೆ ಪುಟವಿನ್ಯಾಸಕರ ಮೇಲೆ ನಿಜವಾದ ಕೋಪವಿದೆ, ಏಕೆಂದರೆ ಆ ಸಾಲು ಆ ಪುಟದ ಅತ್ಯಂತ ಮುಖ್ಯವಾದ ಸಾಲು.

ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಶೀಲಾ ಗೌಡ ಅವರ ‘ಬಿಹೋಲ್ಡ್’ ಎಂಬ ಕೃತಿಯನ್ನು ನೆನೆಯೋಣ. 2009ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶಿತವಾಗಿ ಈಗ ಲಂಡನ್ನಿನ ಟೇಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4000 ಮೀಟರ್ ಹಗ್ಗ, ಅದರ ನಡುವೆ ಸಿಕ್ಕಿಕೊಂಡು ತೂಗುವ ಸುಮಾರು ಇಪ್ಪತ್ತು ಕಾರ್ ಬಂಪರ್‌ಗಳು. ನಮ್ಮ ಬೀದಿಗಳಲ್ಲಿ ದೃಷ್ಟಿ ತಾಗದಿರಲೆಂದು ವಾಹನದ ಮುಂದೆ ಕಟ್ಟುವ ಕೂದಲಿನ ಹಗ್ಗದಿಂದ ಹುಟ್ಟಿದ ಕೃತಿ. ಕೂದಲು ಹಗುರ, ಉಕ್ಕು ಭಾರ. ಆದರೆ ಇಲ್ಲಿ ಭಾರವನ್ನು ಎತ್ತಿಹಿಡಿದಿರುವುದು ಹಗುರವಾದದ್ದು. ಅದರ ಮುಂದೆ ನಿಂತವರ ಮೈಗೆ ಇದು ತಿಳಿಯುತ್ತದೆ. ಅಂಗೈ ಅಗಲದ ಚಿತ್ರದಲ್ಲಿ ಅದು ಕಪ್ಪು ಎಳೆಗಳ ಸಿಕ್ಕಾಗಿ ಕಾಣುತ್ತದೆ, ನಡುವೆ ಒಂದಿಷ್ಟು ಹೊಳಪು. ಮೈಸೂರಿನ ಎನ್. ಎಸ್. ಹರ್ಷ ಅವರ 2008ರ ‘ಕಮ್ ಗಿವ್ ಅಸ್ ಎ ಸ್ಪೀಚ್’ ಆರು ಫಲಕಗಳ ಚಿತ್ರ. ಸಾಲುಸಾಲಾಗಿ ಕುರ್ಚಿಗಳ ಮೇಲೆ ಕುಳಿತ ಅಸಂಖ್ಯ ಜನ, ಒಬ್ಬೊಬ್ಬರದೂ ಒಂದೊಂದು ಕತೆ. ಇಡೀ ಚಿತ್ರವನ್ನು ಒಂದು ಪುಟಕ್ಕೆ ಇಳಿಸಿದರೆ ಅದು ಸೀರೆಯ ಅಂಚಿನ ವಿನ್ಯಾಸದಂತೆ ಆಗಿಬಿಡುತ್ತದೆ. ಒಂದು ಮೂಲೆಯನ್ನು ದೊಡ್ಡದು ಮಾಡಿದರೆ ಜನಸಾಗರ ಹೋಗುತ್ತದೆ. ಎರಡೂ ಬೇಕು, ಅಂದರೆ ಇಂಥ ಕಲಾವಿದರಿಗೆ ಹೆಚ್ಚು ಪುಟ ಬೇಕು. ಸಮಪಾಲಿನ ಸೂತ್ರದಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನು ವೀಡಿಯೊ ಕಲೆ. 1990ರ ದಶಕದ ಪಟ್ಟಿಗಳ ತುಂಬ ಅದೇ. ಸ್ಟೀವ್ ಮೆಕ್ವೀನ್ ಅವರ 1997ರ ‘ಡೆಡ್‌ಪ್ಯಾನ್’ನಲ್ಲಿ ಮನೆಯೊಂದರ ಮುಂಗೋಡೆ ಕಲಾವಿದನ ಮೇಲೆಯೇ ಬೀಳುತ್ತದೆ, ಕಿಟಕಿಯ ಖಾಲಿ ಜಾಗ ಅವನನ್ನು ಉಳಿಸುತ್ತದೆ. ಗೋಡೆ ಮತ್ತೆ ಮತ್ತೆ ಬೀಳುತ್ತದೆ, ಬೇರೆ ಬೇರೆ ಕೋನಗಳಿಂದ. ಆ ಮರುಕಳಿಕೆಯೇ ಕೃತಿಯ ಉಸಿರು. ಮುದ್ರಿತ ಪುಟಕ್ಕೆ ಸಿಗುವುದು ಒಂದು ಸ್ಥಿರಚಿತ್ರ. ಹೀಗಾಗಿ ಒಂದು ವಿಚಿತ್ರ ಜರಡಿ ತಾನಾಗಿಯೇ ಕೆಲಸ ಮಾಡುತ್ತದೆ: ಚಿತ್ರದಲ್ಲಿ ಚೆನ್ನಾಗಿ ಬೀಳುವ ಕಲೆ ಪುಸ್ತಕದಲ್ಲಿ ಗೆಲ್ಲುತ್ತದೆ, ಪುಸ್ತಕದಲ್ಲಿ ಗೆದ್ದದ್ದು ದೂರದ ಓದುಗರ ನೆನಪಿನಲ್ಲಿ ಉಳಿಯುತ್ತದೆ.

ದೂರದ ಓದುಗರು ಎಂದಾಗ ನಾನು ನಮ್ಮವರನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಬೆಂಗಳೂರಿನ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ತೆರೆದದ್ದು 2009ರಲ್ಲಿ. ಕೊಚ್ಚಿಯ ಬಿನಾಲೆ ಶುರುವಾದದ್ದು 2012ರಲ್ಲಿ. ಅದಕ್ಕೂ ಮೊದಲು ನಮ್ಮ ಕಲಾಶಾಲೆಯ ವಿದ್ಯಾರ್ಥಿಗೆ ಜಗತ್ತಿನ ಹೊಸ ಕಲೆ ಎಂದರೆ ಬಹುಪಾಲು ಅಚ್ಚಾದ ಪುಟ. ಲಂಡನ್ನಿನ ಓದುಗನಿಗೆ ‘ಕ್ರೀಮ್’ ತಾನು ಕಂಡದ್ದನ್ನು ನೆನಪಿಸುವ ಅಥವಾ ಮುಂದೆ ಕಾಣಲಿರುವುದರ ಸುಳಿವು ಕೊಡುವ ಪುಸ್ತಕ. ನಮಗೆ ಅದೇ ಪ್ರದರ್ಶನ. ಹಾಗಾಗಿ ಪುಟ ಏನನ್ನು ಬಿಟ್ಟಿತು ಎಂಬ ಪ್ರಶ್ನೆ ನಮಗೆ ಅವರಿಗಿಂತ ಹತ್ತು ಪಟ್ಟು ಮುಖ್ಯ.

ಗಾಳಿಯ ದಿಂಬು

ಎರಡನೆಯ ಸಂಪುಟ ‘ಫ್ರೆಶ್ ಕ್ರೀಮ್’ ಅಂಗಡಿಗೆ ಬಂದದ್ದು ಗಾಳಿ ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ದಿಂಬಿನೊಳಗೆ. ಪುಸ್ತಕ ಓದಬೇಕಾದರೆ ಆ ದಿಂಬನ್ನು ತೆರೆಯಬೇಕು. ಮೇಜಿನ ಮೇಲೆ ರಾಶಿ ಹಾಕಿದ ನೂರು ಪುಸ್ತಕಗಳ ನಡುವೆ ಇದೊಂದೇ ಕಣ್ಣಿಗೆ ಬೀಳುತ್ತಿತ್ತು ಎಂಬುದರಲ್ಲಿ ಅನುಮಾನ ಬೇಡ. 1966ರಲ್ಲಿ ಆಂಡಿ ವಾರ್ಹಾಲ್ ನ್ಯೂಯಾರ್ಕಿನ ಲಿಯೊ ಕ್ಯಾಸ್ಟೆಲಿ ಗ್ಯಾಲರಿಯಲ್ಲಿ ತೇಲಿಬಿಟ್ಟ ಬೆಳ್ಳಿಬಣ್ಣದ ದಿಂಬುಗಳನ್ನು ಬಲ್ಲವರಿಗೆ ಇಲ್ಲಿ ಆ ನೆನಪೂ ಬರುತ್ತದೆ.

ವಿನ್ಯಾಸದ ದೃಷ್ಟಿಯಿಂದ ಇದು ಜಾಣತನದ ಕೆಲಸ. ಪುಸ್ತಕವನ್ನೇ ಕಲಾವಸ್ತುವಿನಂತೆ ಪ್ಯಾಕ್ ಮಾಡಿ, ಕೊಳ್ಳುವವನನ್ನು ಸಂಗ್ರಾಹಕನ ಪಾತ್ರದಲ್ಲಿ ನಿಲ್ಲಿಸುತ್ತದೆ. ಆದರೆ ಪರಿಣಾಮ ಏನಾಯಿತು ನೋಡಿ. ಹಳೆಯ ಪುಸ್ತಕಗಳ ಮಾರುಕಟ್ಟೆಯಲ್ಲಿ ಈ ಪುಸ್ತಕದ ಜೊತೆ ಬರುವ ಪ್ರಶ್ನೆ, ದಿಂಬು ಇದೆಯೇ, ಗಾಳಿ ಉಳಿದಿದೆಯೇ ಎಂಬುದು. ತೆರೆಯದ ಪ್ರತಿಗೆ ಮರ್ಯಾದೆ ಹೆಚ್ಚು. ಓದಿದ ಕೂಡಲೇ ಬೆಲೆ ಇಳಿಯುವ ಪುಸ್ತಕವೊಂದನ್ನು ಓದುಗರಿಗಾಗಿ ಮಾಡಿದಂತಾಯಿತು. ಗ್ರಂಥಾಲಯದ ಕಪಾಟಿನಲ್ಲಿ ದಿಂಬಿಗೆ ಜಾಗವೆಲ್ಲಿ? ಅಲ್ಲಿ ಅದು ಮಾಮೂಲು ಪುಸ್ತಕ. ಅಂದರೆ ನಿಜವಾಗಿ ಓದುವವರಿಗೆ ಆ ವಿನ್ಯಾಸ ತಲುಪುವುದೇ ಇಲ್ಲ.

ಹೀಗೆ ಹೇಳಿದೆನೆಂದು ಹೊಸತನವನ್ನೇ ಅಲ್ಲಗಳೆಯುತ್ತಿಲ್ಲ. ಕಾಲದ ಒತ್ತಡವೂ ಇತ್ತು. 1997ರ ಅಕ್ಟೋಬರಿನಲ್ಲಿ ಬಿಲ್ಬಾವೊದ ಗುಗನ್‌ಹೈಮ್, 2000ದ ಮೇ ತಿಂಗಳಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂಗಳು ತೆರೆದವು. ಸಮಕಾಲೀನ ಕಲೆಗೆ ಜನ ಲಕ್ಷಗಟ್ಟಲೆ ಬರತೊಡಗಿದರು, ಬಂದವರೆಲ್ಲ ಹೊರಹೋಗುವಾಗ ಅಂಗಡಿಯ ಮೂಲಕವೇ ಹೋಗಬೇಕು. ಪುಸ್ತಕವು ಅಲ್ಲಿ ಟೀ ಶರ್ಟು, ಪೋಸ್ಟರುಗಳ ಜೊತೆ ಸ್ಪರ್ಧಿಸಬೇಕಿತ್ತು. ಬೆನ್ನು ಮಾತ್ರ ಕಾಣುವಂತೆ ಕಪಾಟಿನಲ್ಲಿ ನಿಂತರೆ ಸಾಲುತ್ತಿರಲಿಲ್ಲ.

ಸೂತ್ರ ಬೇರೆ ಕ್ಷೇತ್ರಗಳಿಗೂ ಹರಡಿತು. 2000ದಲ್ಲಿ ವಾಸ್ತುಶಿಲ್ಪಕ್ಕೆ ‘10×10’, 2002ರಲ್ಲಿ ಉತ್ಪನ್ನ ವಿನ್ಯಾಸಕ್ಕೆ ‘ಸ್ಪೂನ್’. ಅದರ ಹೊದಿಕೆ ಬಾಗಿದ ಲೋಹದ್ದು. 2003ರಲ್ಲಿ ಗ್ರಾಫಿಕ್ ವಿನ್ಯಾಸಕ್ಕೆ ‘ಏರಿಯಾ’, 2005ರಲ್ಲಿ ಫ್ಯಾಷನ್ನಿಗೆ ‘ಸ್ಯಾಂಪಲ್’. 2009ರಲ್ಲಿ ‘ಕೊಕೊ’ ಎಂಬ ಪುಸ್ತಕದಲ್ಲಿ 10 ಹಿರಿಯ ಬಾಣಸಿಗರು 100 ಹೊಸ ಬಾಣಸಿಗರನ್ನು ಆರಿಸಿದರು. ಹತ್ತು ಮತ್ತು ನೂರರ ಲೆಕ್ಕಕ್ಕೆ ಅದರದೇ ಸೆಳೆತವಿದೆ. ಪೂರ್ಣಸಂಖ್ಯೆ ಕಂಡರೆ ಪಟ್ಟಿ ಪೂರ್ಣವಾಗಿದೆ ಎಂದು ಮನಸ್ಸು ನಂಬುತ್ತದೆ. ನೂರ ಒಂದನೆಯವನ ಬಗ್ಗೆ ಯಾರೂ ಕೇಳುವುದಿಲ್ಲ.

ಈ ಮಾಲೆಯ ಹೊದಿಕೆಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಕೊನೆಯದು. 2010ರ ‘ಕ್ರೀಮಿಯರ್’ ವೃತ್ತಪತ್ರಿಕೆಯ ರೂಪದಲ್ಲಿ ಬಂತು. ಇವತ್ತಿನ ಪಟ್ಟಿ ಇದು, ನಾಳೆ ಹಳತಾಗುತ್ತದೆ ಎಂದು ಅದರ ಆಕಾರವೇ ಒಪ್ಪಿಕೊಂಡಿತು. ದಿಂಬು ಮಾರಾಟಕ್ಕೆ ನೆರವಾಯಿತು; ಪತ್ರಿಕೆಯ ರೂಪ ಒಳಗಿನ ವಿಷಯದ ಬಗ್ಗೆ ಒಂದು ಸತ್ಯವನ್ನೂ ಹೇಳಿತು.

ನಿಂತದ್ದು ಯಾವುದು, ಉಳಿದದ್ದು ಯಾವುದು

‘ಕ್ರೀಮಿಯರ್’ ನಂತರ ಮಾಲೆ ಮುಂದುವರಿಯಲಿಲ್ಲ. 2012ರಲ್ಲಿ ಫೈಡನ್ ಸಂಸ್ಥೆಯೇ ರಿಚರ್ಡ್ ಷ್ಲಾಗ್‌ಮನ್ ಅವರಿಂದ ಅಮೆರಿಕದ ಹೂಡಿಕೆದಾರ ಲಿಯಾನ್ ಬ್ಲ್ಯಾಕ್ ಅವರ ಕೈಗೆ ಹೋಯಿತು. ಆದರೆ ಮಾಲೆ ನಿಂತದ್ದಕ್ಕೆ ಒಡೆತನ ಬದಲಾದದ್ದೇ ಕಾರಣ ಎಂದು ನಾನು ಹೇಳಲಾರೆ. ನನ್ನ ಊಹೆ ಬೇರೆ. ಇನ್‌ಸ್ಟಾಗ್ರಾಂ ಆರಂಭವಾದದ್ದೂ 2010ರಲ್ಲೇ. ‘ಹೊಸಬರು ಯಾರು’ ಎಂಬ ಪ್ರಶ್ನೆಗೆ ಮೂರು ವರ್ಷಕ್ಕೊಮ್ಮೆ ಉತ್ತರಿಸುವ ಪುಸ್ತಕ, ಪ್ರತಿ ಬೆಳಗ್ಗೆ ಉತ್ತರಿಸುವ ಪರದೆಯ ಮುಂದೆ ಸೋಲಲೇಬೇಕಿತ್ತು. ತಿರುವಿ ಹಾಕುವ ಸುಖ, ಯೋಜಿಸದ ನೆರೆಹೊರೆ, ಎರಡೂ ಮೊಬೈಲಿನಲ್ಲಿ ಪುಕ್ಕಟೆ ಸಿಗತೊಡಗಿದವು.

ಆದರೆ ಅದೇ ಸಂಸ್ಥೆ 2002ರಲ್ಲಿ ‘ವಿಟಮಿನ್ ಪಿ’ಯಿಂದ ಶುರುಮಾಡಿದ ಇನ್ನೊಂದು ಮಾಲೆ ಉಳಿದುಕೊಂಡಿತು. ಇಲ್ಲಿ ಒಂದೊಂದು ಪುಸ್ತಕಕ್ಕೂ ಒಂದೊಂದು ಮಾಧ್ಯಮ. ಮೊದಲು ವರ್ಣಚಿತ್ರ, 2005ರಲ್ಲಿ ರೇಖಾಚಿತ್ರ, 2006ರಲ್ಲಿ ಛಾಯಾಚಿತ್ರ, 2009ರಲ್ಲಿ ಶಿಲ್ಪ ಮತ್ತು ಪ್ರತಿಷ್ಠಾಪನೆ (ಇನ್ಸ್ಟಲೇಶನ್), 2017ರಲ್ಲಿ ಜೇಡಿಮಣ್ಣು ಮತ್ತು ಸೆರಾಮಿಕ್, 2019ರಲ್ಲಿ ನೂಲು ಮತ್ತು ಬಟ್ಟೆ. ಇದು ಉಳಿದದ್ದು ಸಹಜ. ಮಣ್ಣಿನಲ್ಲಿ ಕೆಲಸ ಮಾಡುವವನಿಗೆ ಮಣ್ಣಿನಲ್ಲಿ ಬೇರೆಯವರು ಏನು ಮಾಡಿದ್ದಾರೆ ಎಂದು ನೋಡಬೇಕಿರುತ್ತದೆ. ಅವನು ಆ ಪುಸ್ತಕವನ್ನು ಕೆಲಸದ ಮೇಜಿನ ಮೇಲೆ ತೆರೆದಿಟ್ಟುಕೊಳ್ಳುತ್ತಾನೆ. ಹೊಸತು ಹಳತಾದರೂ ಉಪಯೋಗ ತಪ್ಪುವುದಿಲ್ಲ. ವರ್ಣಚಿತ್ರ, ರೇಖಾಚಿತ್ರಗಳು ಚಪ್ಪಟೆಯಾದ ಕಾರಣ ಪುಟಕ್ಕೂ ಚೆನ್ನಾಗಿ ಒಗ್ಗುತ್ತವೆ.

ಆದರೂ ಒಂದು ನಷ್ಟವಾಯಿತು. ‘ವಿಟಮಿನ್’ ಪುಸ್ತಕಗಳಲ್ಲಿ ಹತ್ತಾರು ತಜ್ಞರು ಹೆಸರುಗಳನ್ನು ಸೂಚಿಸುತ್ತಾರೆ, ಅದರಿಂದ ನೂರಕ್ಕೂ ಹೆಚ್ಚು ಕಲಾವಿದರ ಪಟ್ಟಿ ಸಿದ್ಧವಾಗುತ್ತದೆ. ಒಬ್ಬ ಆಯ್ಕೆಗಾರ ಮತ್ತು ಅವನ ಹತ್ತು ಜನ ಎಂಬ ಕಣ್ಣಿಗೆ ಕಾಣುವ ಸಂಬಂಧ ಅಲ್ಲಿ ಕರಗಿಹೋಗಿದೆ. ಪಟ್ಟಿ ಉದ್ದವಾಯಿತು, ದನಿಗಳು ಮಸುಕಾದವು. ‘ಕ್ರೀಮ್’ನ ಅತ್ಯುತ್ತಮ ಗುಣ ಅದರೊಂದಿಗೇ ಹೋಯಿತು ಎಂಬುದು ನನ್ನ ನಿಜವಾದ ಬೇಸರ.

ಕನ್ನಡದಲ್ಲಿ ಮಾಡುವುದಾದರೆ

ಕರ್ನಾಟಕದ ಸಮಕಾಲೀನ ಕಲೆಯ ಬಗ್ಗೆ ಕನ್ನಡದಲ್ಲೇ ಇಂಥದೊಂದು ಸಮೀಕ್ಷೆ ಬೇಕೆಂದು ಬಯಸುವವರಲ್ಲಿ ನಾನೂ ಒಬ್ಬ. ಹಾಗೆ ಮಾಡಲು ಹೊರಟವರು ಈ ಪ್ರಕರಣದಿಂದ ಆಯ್ಕೆಗಾರರ ಸಹಿಯನ್ನು ಖಂಡಿತ ತೆಗೆದುಕೊಳ್ಳಬೇಕು. ಕಲಬುರಗಿಯಲ್ಲಿ ಕೆಲಸ ಮಾಡುವವರು, ಧಾರವಾಡದವರು, ಮೈಸೂರಿನವರು, ಕರಾವಳಿಯವರು ಬೇರೆ ಬೇರೆಯಾಗಿ ಆರಿಸಲಿ, ಪ್ರತಿ ಹೆಸರಿನ ಕೆಳಗೆ ಆರಿಸಿದವರ ಹೆಸರಿರಲಿ. ಬೆಂಗಳೂರಿನ ಪಟ್ಟಿಯೇ ಕರ್ನಾಟಕದ ಪಟ್ಟಿ ಎಂಬ ಭ್ರಮೆ ಹುಟ್ಟದಂತೆ ತಡೆಯಲು ಇದಕ್ಕಿಂತ ನೇರವಾದ ದಾರಿ ಇಲ್ಲ. ಸಮಪಾಲನ್ನು ಮಾತ್ರ ಬಿಟ್ಟುಬಿಡಬೇಕು. ಹರ್ಷ ಅವರ ಆರು ಫಲಕಗಳಿಗೆ ಬಿಚ್ಚಿ ಹರಡುವ ಮಡಿಕೆಪುಟ ಬೇಕು. ಕೃತಿಯ ಅಳತೆಯನ್ನು ಶೀರ್ಷಿಕೆಯಷ್ಟೇ ದಪ್ಪಕ್ಷರದಲ್ಲಿ ಹಾಕಬೇಕು, ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿರುವ ಚಿತ್ರ ಒಂದಾದರೂ ಇರಬೇಕು. ಮುಖಪುಟದ ಮೇಲೆ ಪಟ್ಟಿ ಮುಗಿದ ವರ್ಷ ಇರಬೇಕು.

ಕ್ರಮದ ವಿಷಯ ಸ್ವಲ್ಪ ಕಷ್ಟದ್ದು. ಪಾಶ್ಚಾತ್ಯ ಸಮೀಕ್ಷೆಗಳು ಮನೆತನದ ಹೆಸರಿನ ಅಕಾರಾದಿಯನ್ನು ನಂಬಿ ನಿಂತಿವೆ. ನಮ್ಮ ಹೆಸರುಗಳು ಆ ಚೌಕಟ್ಟಿಗೆ ಒಗ್ಗುವುದಿಲ್ಲ. ಎನ್. ಎಸ್. ಹರ್ಷ ಅವರಲ್ಲಿ ಎನ್ ಮತ್ತು ಎಸ್ ಮುಂದಿದೆ, ಪುಷ್ಪಮಾಲಾ ಎನ್. ಅವರಲ್ಲಿ ಅಕ್ಷರ ಹಿಂದಿದೆ, ಶೀಲಾ ಗೌಡ ಅವರನ್ನು ಗ ಕೆಳಗೆ ಹುಡುಕಬೇಕೋ ಶ ಕೆಳಗೋ ಎಂಬುದು ಹುಡುಕುವವರ ಅಭ್ಯಾಸಕ್ಕೆ ಬಿಟ್ಟದ್ದು. ಉತ್ತರ ಕರ್ನಾಟಕದ ಅಡ್ಡಹೆಸರುಗಳು ಇದಕ್ಕೆ ಇನ್ನೊಂದು ಬಗೆಯ ತೊಡಕು ತರುತ್ತವೆ. ಕರೆಯುವ ಹೆಸರಿನ ವರ್ಣಮಾಲೆಯ ಕ್ರಮವನ್ನೇ ಇಟ್ಟುಕೊಂಡು, ಊರು ಮತ್ತು ಆಯ್ಕೆಗಾರರ ಪ್ರಕಾರ ಇನ್ನೆರಡು ಸೂಚಿಗಳನ್ನು ಹಿಂದೆ ಕೊಡುವುದು ಒಳ್ಳೆಯದು. ಆಗ ಪುಷ್ಪಮಾಲಾ ಅವರು ಪ ಕೆಳಗೆ, ಶೀಲಾ ಅವರು ಶ ಕೆಳಗೆ, ಹರ್ಷ ಅವರು ಬಹುತೇಕ ಕೊನೆಯಲ್ಲಿ ಬರುತ್ತಾರೆ. ಮಡಿಕೆಪುಟವನ್ನು ಪುಸ್ತಕದ ಹಿಂಭಾಗದಲ್ಲಿ ಸೇರಿಸಲು ಬೈಂಡಿಂಗ್ ಮಾಡುವವರೂ ತಕರಾರು ತೆಗೆಯಲಾರರು.